ನಾಲ್ಕು ಬೆರಳಗಲದ ಕಾಗದ

ಫೆಬ್ರವರಿ ೨

ಪುಟ್ಟಿ,

ಬಂದು ತಲುಪಿ ನಾಲ್ಕು ದಿನವಾಯಿತು. ಈ ಹೊಸ ಆಸ್ಪತ್ರೆಯ ಗೋಡೆಗಳಿಂದ ಇನ್ನೂ ಬಣ್ಣದ ವಾಸನೆ ಹೋಗಿಲ್ಲ. ಲ್ಯಾಬಿನ ಯಂತ್ರಗಳೆಲ್ಲ ಹೊಸವು. ಅವನ್ನು ನಡೆಸಬೇಕಾದ ಆರು ಹುಡುಗಿಯರು ಯಂತ್ರಗಳಿಗಿಂತ ಹೊಸಬರು. ನಿನ್ನೆ ಒಬ್ಬಳು ರಕ್ತ ತೆಗೆಯಲು ಹೋಗಿ, ರೋಗಿ ಗಟ್ಟಿಯಾಗಿ ಕೂತಿರುವಾಗ ತಾನೇ ತಲೆಸುತ್ತಿ ಬಿದ್ದಳು. ಇವರನ್ನು ಒಂದು ದಡ ಸೇರಿಸಿ ನಾನು ಮನೆಗೆ ಬರುವ ಹೊತ್ತಿಗೆ ಜೂನ್ ಆಗುತ್ತದೆ.

ಫೋನಿನಲ್ಲಿ ಮೂರನೇ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳ ಶುರುವಾಗುತ್ತದೆ, ಕಾಗದ ಬರೆಯೋಣ ಎಂದವಳು ನೀನು. ಒಪ್ಪಿದ್ದೇನೆ. ಮನೆಗೆ ಬೆಂಕಿ ಬಿದ್ದರೆ ಮಾತ್ರ ಫೋನು.

ಈಗ ಮುಖ್ಯ ವಿಷಯ. ಬರುವ ಭಾನುವಾರ ನಮ್ಮ ತಿಂಗಳ ಅದಲುಬದಲು. ಐದು ವರ್ಷ ಒಬ್ಬಳೇ ನಡೆಸಿದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು ಇದೇ ಮೊದಲು. ಹಳೇ ಐಸ್ ಫ್ಯಾಕ್ಟರಿಯ ಅಂಗಳದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಶುರುವಾಗಬೇಕು. ಒಂದು ಗಿಡವೋ ಒಂದು ಸಾಮಾನೋ ತಂದವರು ಒಂದನ್ನು ಒಯ್ಯಬಹುದು. ದುಡ್ಡಿನ ಮಾತೇ ಇಲ್ಲ. ಪ್ರತಿ ಕುಂಡಕ್ಕೂ ಚೀಟಿ ಅಂಟಿಸು: ಗಿಡದ ಹೆಸರು, ಎಷ್ಟು ಬಿಸಿಲು, ಎಷ್ಟು ನೀರು. ಎಲೆ ಮಗುಚಿ ನೋಡದೆ ಯಾವ ಗಿಡವನ್ನೂ ಒಳಗೆ ಬಿಡಬೇಡ, ಬಿಳಿ ಹಿಟ್ಟಿನಂಥ ಹುಳ ಅಲ್ಲೇ ಅಡಗಿರುತ್ತದೆ. ಪ್ಲಗ್ ಹಾಕಿ ನೋಡದೆ ಇಸ್ತ್ರಿಪೆಟ್ಟಿಗೆ ತೆಗೆದುಕೊಳ್ಳಬೇಡ. ಮೂಲೆಮನೆಯ ಟೈಲರಮ್ಮ ಪ್ರತಿ ಸಲವೂ ಒಂದು ಕೊಟ್ಟು ಎರಡು ಒಯ್ಯಲು ನೋಡುತ್ತಾಳೆ. ನಗುತ್ತಾ ಬೇಡವೆನ್ನಬೇಕು.

ನೀನು ಜಾಣೆ, ನಡೆಸುತ್ತೀಯ. ಆದರೆ ಇದ್ದ ಹಾಗೆ ಇರಲಿ. ಏನನ್ನೂ ಬದಲಾಯಿಸಬೇಡ.

ನಿಮ್ಮಣ್ಣನಿಗೆ ಮಾತ್ರೆ ನೆನಪಿಸು.

ನಿನ್ನ ಅತ್ತಿಗೆ


ಫೆಬ್ರವರಿ ೧೧

ಅತ್ತಿಗೆ,

ಅರವತ್ತಮೂರು ಜನ! ನಿಮ್ಮ ಕಾಲದಲ್ಲಿ ನಲವತ್ತು ದಾಟಿತ್ತಾ?

ಸಣ್ಣಪುಟ್ಟ ಬದಲಾವಣೆ ಮಾಡಿದೆ, ಬೈಯಬೇಡಿ. ಗಿಡಗಳನ್ನು ನೆಲದ ಮೇಲೆ ಸಾಲಾಗಿಟ್ಟರೆ ಬಗ್ಗಿ ನೋಡುವವರ ಸೊಂಟ ಹೋಗುತ್ತದೆ. ನಾನು ಕೆಲಸ ಮಾಡುವ ಫೋಟೊ ಫ್ರೇಮ್ ಅಂಗಡಿಯಲ್ಲಿ ಉಳಿದ ಮರದ ಪಟ್ಟಿಗಳಿಂದ ಮೂರು ಮೆಟ್ಟಿಲಿನ ಸ್ಟ್ಯಾಂಡು ಮಾಡಿದೆ. ಅಂಗಳದ ಬಾಯಿಗೆ ಒಂದು ಬೋರ್ಡು, ಅದಕ್ಕೆ ಚೌಕಟ್ಟು, ಮೇಲೆ ಗಾಜು. ನಿಮ್ಮ ಚೀಟಿಗಳು ಔಷಧದ ಬಾಟಲಿಯ ಮೇಲಿನ ಬರಹದ ಹಾಗೆ ಇರುತ್ತಿದ್ದವು. ನಾನು ಅದರಲ್ಲಿ ಇನ್ನೊಂದು ಸಾಲು ಸೇರಿಸಿದೆ, ‘ಯಾಕೆ ಕೊಡುತ್ತಿದ್ದೇನೆ’ ಅಂತ. ಜನ ಏನೇನು ಬರೆದರು ಗೊತ್ತೇ? ‘ನನ್ನ ಹೆಂಡತಿಗೆ ಇದನ್ನು ಕಂಡರೆ ಆಗಲ್ಲ’ ಅಂತ ಒಬ್ಬರು ಕಳ್ಳಿಗಿಡದ ಮೇಲೆ. ಆ ಹೆಂಡತಿ ಪಕ್ಕದಲ್ಲೇ ನಿಂತಿದ್ದರು!

ಸಾಮಾನಿನ ಮೇಜಿನ ಮೇಲೆ ಮೂರು ಗಾಲಿಯ ಸೈಕಲ್ಲು, ಒಂದು ಜೊತೆ ಊರುಗೋಲು, ಗೋಡೆ ಗಡಿಯಾರ, ಎರಡು ರೇನ್‌ಕೋಟು. ಟೈಲರಮ್ಮ ಒಂದೇ ಒಯ್ದಳು. ನನ್ನ ಮುಖ ನೋಡಿ ಹೆದರಿರಬೇಕು.

ಅಣ್ಣ ಕೂಡ ಬಂದಿದ್ದ.

ನಿಮ್ಮ ನಾದಿನಿ
ಪುಟ್ಟಿ


ಫೆಬ್ರವರಿ ೧೯

ಪುಟ್ಟಿ,

ಸಂತೋಷ. ‘ನಿಮ್ಮ ಕಾಲದಲ್ಲಿ’ ಎಂದು ಬರೆದಿದ್ದೀಯಲ್ಲ, ನಾನು ಬರೀ ಡ್ಯೂಟಿ ಮೇಲೆ ಬಂದಿದ್ದೇನೆ, ಸತ್ತಿಲ್ಲ.

ಗಾಜು ಹಾಕಿದ ಬೋರ್ಡು ಗಾಳಿಗೆ ಬಿದ್ದರೆ ಯಾರ ಕಾಲಿನ ಮೇಲೆ ಎಂದು ಯೋಚಿಸಿದ್ದೀಯಾ? ಮೆಟ್ಟಿಲಿನ ಸ್ಟ್ಯಾಂಡಿನಲ್ಲಿ ಮೇಲಿನ ಕುಂಡದ ನೀರು ಕೆಳಗಿನದಕ್ಕೆ ಇಳಿದು ಬೇರು ಕೊಳೆಯುತ್ತದೆ. ‘ಯಾಕೆ ಕೊಡುತ್ತಿದ್ದೇನೆ’ ಎಂದು ಕೇಳುವುದು ಜನರ ಮನೆಯೊಳಗೆ ಮೂಗು ತೂರಿಸಿದಂತೆ. ಇದನ್ನೆಲ್ಲ ತಪ್ಪು ಹುಡುಕಲು ಬರೆಯುತ್ತಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ ಅಷ್ಟೆ.

ನಿಮ್ಮಣ್ಣ ಬಂದಿದ್ದರೇ? ಐದು ವರ್ಷದಲ್ಲಿ ಒಂದು ಭಾನುವಾರವೂ ಬಂದವರಲ್ಲ. ‘ವಾರವೆಲ್ಲ ಸ್ಕೂಲ್ ವ್ಯಾನ್ ಓಡಿಸಿರ್ತೀನಿ, ಒಂದು ದಿನ ಮಲಗೋಕೆ ಬಿಡು’ ಎನ್ನುತ್ತಿದ್ದರು. ಎಷ್ಟು ಹೊತ್ತು ಇದ್ದರು?

ಇಲ್ಲಿ ರಾತ್ರಿ ಊಟಕ್ಕೆ ಕ್ಯಾಂಟೀನಿನಲ್ಲಿ ನಾನೊಬ್ಬಳೇ ಕೂರುತ್ತೇನೆ. ಹುಡುಗಿಯರು ಟೀಚರನ್ನು ಕಂಡ ಹಾಗೆ ದೂರ ಹೋಗುತ್ತಾರೆ.

ಅತ್ತಿಗೆ


ಮಾರ್ಚ್ ೧೨

ಅತ್ತಿಗೆ,

ಈ ಸಲ ತೊಂಬತ್ತು! ಪೇಪರಿನವನೊಬ್ಬ ಬಂದು ಫೋಟೊ ತೆಗೆದ. ತುಣುಕು ಇದರ ಜೊತೆ ಇಟ್ಟಿದ್ದೇನೆ. ‘ಈ ಬೀದಿಯಲ್ಲೇ ಹುಟ್ಟಿ ಬೆಳೆದ ಮಗಳು ಕಟ್ಟಿದ ಅದಲುಬದಲು’ ಅಂತ ಅವನೇ ಬರೆದುಕೊಂಡಿದ್ದಾನೆ, ನಾನೇನೂ ಹೇಳಲಿಲ್ಲ.

ಇನ್ನೊಂದು ಸುದ್ದಿ ಕೇಳಿದರೆ ಕುಣಿಯುತ್ತೀರಿ. ಕ್ಲಾರಿನೆಟ್ ಮೇಷ್ಟ್ರು ತಮ್ಮ ನಿಂಬೆ ಗಿಡವನ್ನು ತರಲು ಒಪ್ಪಿದ್ದಾರೆ! ಹೌದು, ಅದೇ, ಅವರ ಹೆಂಡತಿ ಬೀಜ ಹಾಕಿ ಇಪ್ಪತ್ತು ವರ್ಷ ಕುಂಡದಲ್ಲಿ ಬೆಳೆಸಿದ್ದು. ಮೇ ತಿಂಗಳಲ್ಲಿ ಮೇಷ್ಟ್ರು ಮಗಳ ಮನೆಗೆ ಹೋಗುತ್ತಾರಂತೆ. ಮೂರನೇ ಮಹಡಿ, ಬಾಲ್ಕನಿ ಇಲ್ಲ. ‘ಏಪ್ರಿಲ್‌ನಲ್ಲಿ ತರ್ತೀನಮ್ಮ. ಯಾರಿಗೆ ಕೊಡ್ಬೇಕು ಅಂತ ನೀನೇ ನೋಡಿ ಹೇಳು’ ಅಂದರು. ನೀವು ಎಷ್ಟು ಸಲ ಕೇಳಿದ್ದಿರಿ, ಅಲ್ಲವೇ?

ಬೋರ್ಡು ಬಿದ್ದಿಲ್ಲ. ಬೇರೂ ಕೊಳೆತಿಲ್ಲ.

ಪುಟ್ಟಿ


ಮಾರ್ಚ್ ೨೩

ಪುಟ್ಟಿ,

ಪೇಪರಿನ ತುಣುಕು ತಲುಪಿತು. ಫೋಟೊ ಚೆನ್ನಾಗಿದೆ. ತಲೆಯ ಮೇಲಿರುವ ಅಗಲದ ಟೋಪಿ ನನ್ನದಲ್ಲವೇ? ಇರಲಿ, ಹಾಕಿಕೋ.

ಮೇಷ್ಟ್ರ ವಿಷಯ ಓದಿದೆ. ಐದು ವರ್ಷದಲ್ಲಿ ನಾನು ಅವರಿಂದ ಒಂದು ಟೊಂಗೆಯನ್ನಾದರೂ ಕೇಳುತ್ತಲೇ ಇದ್ದೆ. ‘ನೋಡೋಣ ಮೇಡಂ’ ಎನ್ನುತ್ತಿದ್ದರು. ನಿನಗೆ ಇಡೀ ಗಿಡವನ್ನೇ ಕೊಡುತ್ತಿದ್ದಾರೆ. ನಿನ್ನ ಕೈಗುಣ.

ಇಲ್ಲಿ ಕೆಲಸ ಜಾಸ್ತಿ. ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ಅತ್ತಿಗೆ


ಏಪ್ರಿಲ್ ೧೪

ಅತ್ತಿಗೆ,

ನಿನ್ನೆ ಏನಾಯಿತು ಎಂದು ಅಣ್ಣ ಹೇಳಿರಬಹುದು. ಹೇಳಿರದಿದ್ದರೆ ಕೇಳಿ.

ಬೆಳಿಗ್ಗೆ ಎಂಟಕ್ಕೆ ಹೋದರೆ ಅಂಗಳದ ಗೇಟಿಗೆ ಬೀಗ. ಕಾವಲುಗಾರ ಒಳಗೆ ಸ್ಟೂಲಿನ ಮೇಲೆ ಕೂತಿದ್ದ.

‘ಬೀಗ ತೆಗಿಯಪ್ಪ, ಹೊತ್ತಾಯ್ತು,’ ಅಂದೆ.

‘ಕಾಗದ ಎಲ್ಲಿ?’ ಅಂದ.

‘ಯಾವ ಕಾಗದ?’

‘ಮಾಲೀಕರದು. ಆರು ತಿಂಗಳಿಗೊಂದು ಸಲ ಲ್ಯಾಬ್ ಮೇಡಂ ಬರೆದು ತರಿಸ್ತಾರೆ. ಹಳೇದು ಮಾರ್ಚ್‌ಗೆ ಮುಗೀತು. ಹೊಸದು ಬಂದಿಲ್ಲ. ಕಾಗದ ಇಲ್ದೆ ಬೀಗ ತೆಗೆದ್ರೆ ನನ್ನ ಕೆಲಸ ಹೋಗುತ್ತೆ.’

ಮಾಲೀಕರ ಫೋನು ಯಾರೂ ಎತ್ತಲಿಲ್ಲ. ಬೇರೆ ಊರಿನಲ್ಲಿದ್ದಾರಂತೆ. ಒಂಬತ್ತರ ಹೊತ್ತಿಗೆ ಬೀದಿ ತುಂಬಿತು. ಪೇಪರು ನೋಡಿ ಬಂದ ಹೊಸಬರೇ ಹೆಚ್ಚು. ಕುಂಡಗಳು, ಟೇಬಲ್ ಫ್ಯಾನುಗಳು, ಒಬ್ಬರ ತಲೆಯ ಮೇಲೆ ಮಡಚುವ ಮಂಚ. ಹತ್ತರ ಬಿಸಿಲು. ನೆರಳೇ ಇಲ್ಲದ ಬೀದಿ. ಸಸಿಗಳು ಕಣ್ಣೆದುರೇ ಕತ್ತು ಬಗ್ಗಿಸುತ್ತಿದ್ದವು. ಜನ ನನ್ನನ್ನು ಕೇಳಿದರು, ನಾನು ಕಾವಲುಗಾರನನ್ನು ಕೇಳಿದೆ, ಅವನು ಸ್ಟೂಲನ್ನು ಇನ್ನೂ ಹಿಂದಕ್ಕೆ ಎಳೆದುಕೊಂಡ.

ನಿಮಗೆ ಹನ್ನೊಂದು ಸಲ ಫೋನು ಮಾಡಿದೆ. ಬೆಂಕಿ ಬಿದ್ದರೆ ಮಾತ್ರ ಅಂದಿದ್ದಿರಿ, ಆದರೂ ಮಾಡಿದೆ.

ಮೇಷ್ಟ್ರು ನಿಂಬೆ ಗಿಡವನ್ನು ಕೈಗಾಡಿಯಲ್ಲಿ ತಳ್ಳಿಸಿಕೊಂಡು ಬಂದಿದ್ದರು. ಆಳೆತ್ತರದ ಗಿಡ. ಎರಡು ಕಾಯಿ ಇದ್ದವು. ಕುಂಡವನ್ನು ಒರೆಸಿ ಹೊಳೆಯುವಂತೆ ಮಾಡಿದ್ದರು. ಗಾಡಿಯವನಿಗೆ ಬೇರೆ ಬಾಡಿಗೆಯಿತ್ತು, ಕುಂಡವನ್ನು ರಸ್ತೆಯಂಚಿಗೆ ಇಳಿಸಿ ಹೋದ. ಆಗ ಜನಜಂಗುಳಿಯಿಂದ ತಪ್ಪಿಸಿಕೊಳ್ಳಲು ಹಾಲಿನ ವ್ಯಾನೊಂದು ಹಿಂದಕ್ಕೆ ಬಂತು. ಎಲ್ಲರೂ ಕೂಗಿದೆವು. ಅವನಿಗೆ ಕೇಳಿಸಲಿಲ್ಲ.

ಕಾಂಡ ಬುಡದಲ್ಲೇ ಸೀಳಿತು. ಅದರ ಮೇಲೆ ಚಕ್ರ ಹತ್ತಿತು. ಉಳಿಸಲು ಏನೂ ಉಳಿಯಲಿಲ್ಲ ಅತ್ತಿಗೆ. ನರ್ಸರಿಯವನು ನೋಡಿ ತಲೆಯಾಡಿಸಿಬಿಟ್ಟ. ಮೇಷ್ಟ್ರು ಬಗ್ಗಿ ಎರಡು ಕಾಯಿಗಳನ್ನೂ ಹೆಕ್ಕಿಕೊಂಡು ಜೇಬಿಗೆ ಹಾಕಿಕೊಂಡು ಹೊರಟರು. ನಾನು ಹಿಂದೆ ಓಡಿದೆ. ‘ಮನೆಗೆ ಹೋಗಮ್ಮ’ ಅಂದರು.

ಯಾರೋ ಹಿಂದಿನಿಂದ ‘ಲ್ಯಾಬ್ ಮೇಡಂ ಇದ್ದಿದ್ರೆ ಹೀಗಾಗ್ತಿರಲಿಲ್ಲ’ ಅಂದರು.

ಸಂಜೆ ನಿಮ್ಮ ಪತ್ರಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಎಲ್ಲಾದರೂ ಬರೆದಿದ್ದೀರೇನೋ, ನಾನೇ ಗಮನಿಸಲಿಲ್ಲವೇನೋ ಅಂತ. ಎಲ್ಲೂ ಇಲ್ಲ. ಆದರೆ ಅತ್ತಿಗೆ, ದಿನವಿಡೀ ಗಾಜು, ಕಾಗದ ಅಳೆದು ಕತ್ತರಿಸುವವಳು ನಾನು. ನಿಮ್ಮ ಎಲ್ಲ ಪತ್ರಗಳೂ ಒಂದೇ ಪ್ಯಾಡಿನ ಹಾಳೆಗಳು. ಮಾರ್ಚ್ ಇಪ್ಪತ್ತಮೂರರ ಹಾಳೆ ಮಾತ್ರ ಉಳಿದವುಗಳಿಗಿಂತ ನಾಲ್ಕು ಬೆರಳು ಗಿಡ್ಡ. ಕೆಳಗಿನ ಅಂಚನ್ನು ಕತ್ತರಿಯಲ್ಲಿ ಕತ್ತರಿಸಲಾಗಿದೆ. ಅಂಚು ಸೊಟ್ಟಗಿದೆ.

ಅದರಲ್ಲಿ ಏನಿತ್ತು?

ಪುಟ್ಟಿ


ಏಪ್ರಿಲ್ ೨೨

ಪುಟ್ಟಿ,

ಮೂರು ದಿನ ನಿನ್ನ ಪತ್ರವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಸುಳ್ಳು ಹೇಳಲು ದಾರಿ ಇದೆಯೇ ಎಂದು ನೋಡಿದೆ. ಶಾಯಿ ಚೆಲ್ಲಿತ್ತು, ಅದಕ್ಕೆ ಕತ್ತರಿಸಿದೆ ಎಂದು ಬರೆಯಬಹುದಿತ್ತು. ನೀನು ನಂಬುತ್ತಿರಲಿಲ್ಲ.

ಸಹಿಯ ಕೆಳಗೆ ಅದರಲ್ಲಿದ್ದದ್ದು ಇಷ್ಟು: ‘ಮರೆತಿದ್ದೆ, ಅಂಗಳದ ಅನುಮತಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಅದಕ್ಕೂ ಮೊದಲು ಮಾಲೀಕರಿಗೆ ಒಂದು ಕಾಗದ ಹಾಕು. ವಿಳಾಸ ನನ್ನ ಹಸಿರು ಡೈರಿಯಲ್ಲಿದೆ.’

ಬರೆದೆ. ಲಕೋಟೆಯೊಳಗೆ ಹಾಕಿದೆ. ಆಮೇಲೆ ಆ ಪೇಪರಿನ ತುಣುಕನ್ನು ಇನ್ನೊಮ್ಮೆ ನೋಡಿದೆ. ‘ಹುಟ್ಟಿ ಬೆಳೆದ ಮಗಳು.’ ಲಕೋಟೆ ಅಂಟಿಸಿರಲಿಲ್ಲ. ಕತ್ತರಿ ಕೈಗೆ ಸಿಕ್ಕಿತು. ಆ ಪಟ್ಟಿಯನ್ನು ಬಳಸಿದ ಸೂಜಿಗಳನ್ನು ಹಾಕುವ ಡಬ್ಬಿಗೆ ಹಾಕಿದೆ. ಅಲ್ಲಿಗೆ ಬಿದ್ದದ್ದನ್ನು ಯಾರೂ ಕೈ ಹಾಕಿ ತೆಗೆಯುವುದಿಲ್ಲ.

ಗೇಟಿಗೆ ಬೀಗ ಬೀಳುತ್ತದೆ, ಜನ ಹಿಂದಿರುಗುತ್ತಾರೆ, ‘ಮೇಡಂ ಬೇಕಿತ್ತು’ ಎನ್ನುತ್ತಾರೆ, ಅಷ್ಟೇ ನಾನು ಲೆಕ್ಕ ಹಾಕಿದ್ದು. ಮೇಷ್ಟ್ರು ಅವತ್ತೇ ಗಿಡ ತರುತ್ತಾರೆಂದು ಗೊತ್ತಿತ್ತು. ಅದು ಗೊತ್ತಿದ್ದೇ ಕತ್ತರಿಸಿದೆ. ಅವರು ಗಿಡದೊಂದಿಗೆ ಮನೆಗೆ ಹಿಂದಿರುಗಲಿ, ಜೂನಿನಲ್ಲಿ ನಾನು ಬಂದ ಮೇಲೆ ನನ್ನ ಕೈಗೆ ಕೊಡಲಿ ಎಂದಿತ್ತು. ವ್ಯಾನು ನನ್ನ ಲೆಕ್ಕದಲ್ಲಿರಲಿಲ್ಲ.

ಇನ್ನೊಂದು ಇದೆ. ಆ ಭಾನುವಾರ ನನಗೆ ಡ್ಯೂಟಿ ಇರಲಿಲ್ಲ. ಫೋನು ಮೇಜಿನ ಮೇಲಿತ್ತು. ನಿನ್ನ ಹೆಸರು ಬರುತ್ತಿತ್ತು, ಹೋಗುತ್ತಿತ್ತು. ಹನ್ನೊಂದು ಸಲವೂ ನೋಡುತ್ತಾ ಕೂತಿದ್ದೆ. ಮೊದಲ ನಾಲ್ಕೈದು ಸಲ ಹಿತವಾಗಿಯೇ ಇತ್ತು ಪುಟ್ಟಿ. ಆಮೇಲೆ ಹೆದರಿಕೆಯಾಯಿತು. ಆಗ ಎತ್ತಲು ಮುಖವಿರಲಿಲ್ಲ.

ನಾನು ಆ ಮನೆಗೆ ಬಂದಾಗ ಪ್ರತಿಯೊಂದಕ್ಕೂ ಮೊದಲೇ ಯಾರಾದರೂ ಒಡೆಯರಿದ್ದರು. ಅಂಗಡಿಯವನು ನನ್ನನ್ನು ‘ಪುಟ್ಟಿ ಅತ್ತಿಗೆ’ ಎಂದೇ ಗುರುತಿಸುತ್ತಿದ್ದ. ಕಿಟಕಿಯ ಬಳಿಯ ಕುರ್ಚಿ ನಿನ್ನದು, ನೀನು ಮದುವೆಯಾಗಿ ಹೋದಮೇಲೂ ನಿನ್ನದೇ. ನಿಮ್ಮಣ್ಣ ನಗುವುದು ನಿನ್ನ ಜೋಕಿಗೆ. ಹದಿನೈದು ವರ್ಷ ಆದಮೇಲೆ ನಾನು ಒಂದು ಖಾಲಿ ಅಂಗಳ ಹುಡುಕಿದೆ. ಏಳು ಜನರಿಂದ ಶುರು ಮಾಡಿದೆ. ಅಲ್ಲಿ ನಾನು ಯಾರ ಅತ್ತಿಗೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಹೋದ ವರ್ಷ ನಿನ್ನ ಸಂಸಾರ ಮುರಿದು ನೀನು ಮಹಡಿ ಕೋಣೆಗೆ ಬಂದಾಗ ನಾನೇ ಹಾಸಿಗೆ ಹಾಸಿಕೊಟ್ಟೆ, ಮನಸ್ಸಿನಿಂದಲೇ. ಆದರೆ ಎರಡೇ ಭಾನುವಾರಗಳಲ್ಲಿ ನೀನು ಆ ಅಂಗಳವನ್ನೂ ನಿನ್ನದಾಗಿಸಿಕೊಂಡೆ ಅನ್ನಿಸಿತು. ಅರವತ್ತಮೂರು, ತೊಂಬತ್ತು. ಆ ಎರಡು ಸಂಖ್ಯೆಗಳನ್ನು ರಕ್ತದ ಸ್ಯಾಂಪಲ್ಲಿನ ಲೇಬಲ್ಲಿನ ಮೇಲೂ ಬರೆದಿದ್ದೇನೆ, ತಪ್ಪಾಗಿ.

ಹೊಟ್ಟೆಗೆ ಹಾಕಿಕೋ ಎಂದು ಕೇಳಲು ನನಗೆ ಬಾಯಿಲ್ಲ.

ಅತ್ತಿಗೆ


ಮೇ ೭

ಅತ್ತಿಗೆ,

ಉತ್ತರ ಬರೆಯಬಾರದು ಅಂತಲೇ ಇದ್ದೆ. ಎರಡು ವಾರ ಅಣ್ಣ ‘ಏನಾಯ್ತು ನಿಮ್ಮಿಬ್ಬರಿಗೆ?’ ಅಂತ ಕೇಳಿ ಕೇಳಿ ಸೋತ. ಹೇಳಲಿಲ್ಲ. ನಿಮ್ಮ ಮಾನ ಕಾಯಬೇಕು ಅಂತಲ್ಲ. ಹೇಳಿದರೆ ನನ್ನದನ್ನೂ ಹೇಳಬೇಕಾಗುತ್ತಿತ್ತು.

ಫೆಬ್ರವರಿಯಲ್ಲಿ ಬಂದವರು ಇಪ್ಪತ್ತೆರಡು ಜನ. ಮಾರ್ಚ್‌ನಲ್ಲಿ ಮೂವತ್ತೊಂದು. ಅರವತ್ತಮೂರು, ತೊಂಬತ್ತು ಎರಡೂ ನಾನು ಪೆನ್ನು ಹಿಡಿದಾಗ ಹುಟ್ಟಿದ್ದು.

ಅಣ್ಣ ಬಂದದ್ದು ಸ್ಟ್ಯಾಂಡು ಇಳಿಸಲು. ವ್ಯಾನಿನ ಹಿಂಬಾಗಿಲು ತೆಗೆದ, ಇಳಿಸಿದ, ಹೋದ. ಹತ್ತು ನಿಮಿಷ. ನೀವು ಎಷ್ಟು ಹೊತ್ತು ಇದ್ದರು ಅಂತ ಕೇಳಿದ್ದಿರಿ. ನಾನು ಬೇಕೆಂದೇ ಉತ್ತರಿಸಲಿಲ್ಲ.

ಪೇಪರಿನವನು ‘ಇದನ್ನ ಶುರು ಮಾಡಿದ್ದು ಯಾರು ಮೇಡಂ?’ ಅಂತ ಸ್ಪಷ್ಟವಾಗಿ ಕೇಳಿದ. ನಾನು ಟೋಪಿ ಸರಿಮಾಡಿಕೊಂಡೆ.

ಯಾಕೆ ಅಂದರೆ, ಆ ಅಂಗಳದಲ್ಲಿ ನಿಂತರೆ ಕಿವಿಗೆ ಬೀಳುವುದು ಒಂದೇ ಮಾತು. ‘ಮೇಡಂ ಯಾವಾಗ ಬರ್ತಾರೆ?’ ‘ಮೇಡಂ ಹೀಗೆ ಮಾಡ್ತಿರಲಿಲ್ಲ.’ ನಾನು ಹುಟ್ಟಿದ ಬೀದಿ, ನನ್ನನ್ನು ಎತ್ತಿ ಆಡಿಸಿದ ಜನ, ನನ್ನ ಮುಖ ನೋಡಿ ನಿಮ್ಮನ್ನು ಕೇಳುತ್ತಿದ್ದರು. ಹನ್ನೆರಡು ವರ್ಷ ಬೇರೆಯವರ ಮನೆಯಲ್ಲಿದ್ದು ಬಂದೆ. ಇಲ್ಲಿ ನನಗೊಂದು ಜಾಗ ಇರುತ್ತದೆ ಅಂದುಕೊಂಡಿದ್ದೆ. ಅಲ್ಲಿ ನೀವು ಕೂತಿದ್ದಿರಿ, ಚೀಟಿ, ಅಂಟು, ಸೀಸದ ಕಡ್ಡಿ ಸಮೇತ. ಕಿಟಕಿ ಬಳಿಯ ಕುರ್ಚಿ ನನ್ನದು ಅಂತ ಬರೆದಿದ್ದೀರಿ. ಅದರಲ್ಲಿ ಕೂತು ನಾನು ನೋಡುತ್ತಿದ್ದುದು ನಿಮ್ಮ ಹಿಂದೆ ಕುಂಡ ಹಿಡಿದು ಬರುವ ಜನರನ್ನು.

ಮೇಷ್ಟ್ರು ಮಾತ್ರ ನಿಮ್ಮನ್ನು ಕೇಳದೆ ನನ್ನನ್ನು ಕೇಳಿದರು. ಅದೊಂದು ನಿಜ. ಅದನ್ನೇ ನೀವು ತೆಗೆದುಕೊಂಡಿರಿ.

ಕ್ಷಮಿಸಿದ್ದೇನೆ ಅಂತ ಬರೆಯಲಾರೆ. ಬರೆದರೆ ಅದೂ ತೊಂಬತ್ತು ಜನರ ಹಾಗೆಯೇ. ಜಗಳವನ್ನು ನಾವಿಬ್ಬರೂ ಹೇಗೋ ಆಡಿಕೊಳ್ಳೋಣ. ಆದರೆ ಗಿಡ ನಮ್ಮದಲ್ಲ. ಮೇಷ್ಟ್ರು ಮಗಳ ಮನೆಗೆ ಹೋಗಿದ್ದಾರೆ, ವಿಳಾಸ ಕೆಳಗಿದೆ. ಅವರು ಇವತ್ತಿಗೂ ಮಾಲೀಕರು ಮರೆತರು ಅಂತ ತಿಳಿದಿದ್ದಾರೆ. ನಿಜ ಬರೆಯಿರಿ. ನೀವು ಬರೆಯುವವರೆಗೆ ನಾನು ಅಂಗಳಕ್ಕೆ ಕಾಲಿಡುವುದಿಲ್ಲ. ಈ ತಿಂಗಳು ಅದಲುಬದಲು ಇಲ್ಲ ಅಂತ ಗೇಟಿಗೆ ಚೀಟಿ ಅಂಟಿಸಿದ್ದೇನೆ.

ಪುಟ್ಟಿ


ಮೇ ೨೧

ಲ್ಯಾಬ್ ಮೇಡಂ ಅವರಿಗೆ,

ನಿಮ್ಮ ಕಾಗದವನ್ನು ಮಗಳು ಓದಿ ಹೇಳಿದಳು, ನನ್ನ ಕಣ್ಣು ಮಂಜು. ಅರ್ಧ ಓದಿ ‘ಅಪ್ಪಾ, ಇದು ನಿಮಗೆ ಮಾತ್ರ’ ಅಂದು ನಿಲ್ಲಿಸಿದಳು. ಉಳಿದದ್ದನ್ನು ಭೂತಗನ್ನಡಿ ಹಿಡಿದು ನಾನೇ ಓದಿಕೊಂಡೆ. ಈ ಉತ್ತರವನ್ನೂ ನಾನೇ ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಸಹಿಸಿಕೊಳ್ಳಿ.

ಮೊದಲು ಸಿಟ್ಟು ಬಂತು. ಈಗಲೂ ಇದೆ. ನೀವು ಮಾಡಿದ್ದು ಕೆಟ್ಟ ಕೆಲಸ.

ಆದರೆ ನೀವು ನಿಜ ಬರೆದಿರುವಾಗ ನಾನು ಮುಚ್ಚಿಟ್ಟುಕೊಂಡು ಕೂರುವುದು ಸರಿಯಲ್ಲ. ನನ್ನ ಹೆಂಡತಿಗೆ ಕೊನೆಯ ಎರಡು ವರ್ಷ ನೆನಪು ಹೋಗಿತ್ತು. ನನ್ನ ಹೆಸರು ಮರೆತಳು. ಆಮೇಲೆ ನಾನು ಯಾರೆಂಬುದನ್ನೇ ಮರೆತಳು. ಬೆಳಿಗ್ಗೆ ಎದ್ದರೆ ನನ್ನನ್ನು ನೋಡಿ ‘ನೀವು ಯಾರು? ನಿಂಬೆಗೆ ನೀರು ಹಾಕಿದ್ರಾ?’ ಅನ್ನುತ್ತಿದ್ದಳು. ಗಿಡವನ್ನು ಮರೆಯಲಿಲ್ಲ. ನಲವತ್ತು ವರ್ಷ ಜೊತೆಗಿದ್ದ ನನ್ನನ್ನು ಮರೆತವಳು ಒಂದು ಗಿಡವನ್ನು ಮರೆಯಲಿಲ್ಲ. ಅವಳು ಹೋದಮೇಲೂ ನಾನು ಅದಕ್ಕೆ ನೀರು ಹಾಕಿದೆ, ಹಲ್ಲು ಕಚ್ಚಿಕೊಂಡು. ನೀವು ಟೊಂಗೆ ಕೇಳಿದಾಗೆಲ್ಲ ‘ನೋಡೋಣ’ ಎಂದು ಜಾರಿಕೊಂಡದ್ದು ಗಿಡದ ಮೇಲಿನ ಪ್ರೀತಿಯಿಂದಲ್ಲ. ಅದು ಇನ್ನೊಂದು ಮನೆಯಲ್ಲಿ ಚಿಗುರುವುದು ನನಗೆ ಬೇಕಿರಲಿಲ್ಲ.

ವ್ಯಾನು ಹತ್ತಿದಾಗ ಒಂದು ಗಳಿಗೆ ನನ್ನ ಎದೆ ಹಗುರವಾಯಿತು. ನಿಮ್ಮ ನಾದಿನಿ ಅಳುತ್ತಾ ಹಿಂದೆ ಓಡಿಬಂದಳು. ಅವಳಿಗೆ ನನ್ನ ಮುಖ ಕಾಣಬಾರದೆಂದು ತಿರುಗದೆ ನಡೆದೆ. ಮನೆಗೆ ಬಂದು ಜೇಬಿನಿಂದ ಕಾಯಿ ತೆಗೆದಿಟ್ಟೆ. ಆಮೇಲೆ ಹೆಂಡತಿ ಸತ್ತಾಗ ಬಾರದಿದ್ದ ಅಳು ಬಂತು. ಎಷ್ಟು ಹೊತ್ತು ಎಂದು ಗೊತ್ತಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ. ನಿಮಗೆ ಯಾಕೆ ಹೇಳಿದೆನೆಂದರೆ, ಆ ಉರಿ ಎಂಥದ್ದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇದರಿಂದ ನಿಮ್ಮ ತಪ್ಪು ಕಡಿಮೆಯಾಯಿತು ಎಂದು ತಿಳಿಯಬೇಡಿ.

ಆ ಹುಡುಗಿ ಚೆನ್ನಾಗಿ ನಡೆಸುತ್ತಿದ್ದಳು. ಜನ ಬಾಯಿಬಿಟ್ಟು ಅವಳಿಗೆ ಹೇಳಲಿಲ್ಲ. ನೀವಾದರೂ ಹೇಳಿ.

ಕ್ಲಾರಿನೆಟ್ ಮೇಷ್ಟ್ರು


ಮೇ ೩೦

ಪುಟ್ಟಿ,

ಮೇಷ್ಟ್ರಿಗೆ ಬರೆದೆ. ಅವರ ಉತ್ತರವೂ ಬಂತು. ಅದರಲ್ಲಿರುವುದು ಅವರ ವಿಷಯ, ನಿನಗೆ ತೋರಿಸಲಾರೆ. ಕೇಳಬೇಡ. ಕೊನೆಯ ಎರಡು ಸಾಲು ಮಾತ್ರ ನಿನ್ನದು: ನೀನು ಚೆನ್ನಾಗಿ ನಡೆಸುತ್ತಿದ್ದೆಯಂತೆ. ಜನ ಹೇಳಲಿಲ್ಲವಂತೆ. ನಾನಾದರೂ ಹೇಳಬೇಕಂತೆ. ಹೇಳಿದ್ದೇನೆ. ಬರೆಯುವಾಗ ಹಲ್ಲು ನೋಯುವಷ್ಟು ಕಚ್ಚಿಕೊಂಡಿದ್ದೆ, ಆದರೂ ನಿಜವಾದ್ದರಿಂದ ಬರೆದೆ. ಇಪ್ಪತ್ತೆರಡು ಜನ ಮೂವತ್ತೊಂದಾಗುವುದು ಸಣ್ಣ ಮಾತಲ್ಲ. ನನಗೆ ಏಳು ಮೂವತ್ತಾಗಲು ಎರಡು ವರ್ಷ ಹಿಡಿದಿತ್ತು.

ಮಾಲೀಕರಿಗೆ ಕಾಗದ ಹಾಕಿದ್ದೇನೆ. ಅನುಮತಿಯನ್ನು ನಿನ್ನ ಹೆಸರಿಗೆ ಕೊಡಬೇಕೆಂದು ಕೇಳಿದ್ದೇನೆ. ಮೂರು ಹಾಳೆ ಹಾಳಾಯಿತು, ನಿನ್ನ ಹೆಸರು ಬರೆಯಬೇಕಾದ ಕಡೆ ಕೈ ನನ್ನ ಹೆಸರನ್ನೇ ಬರೆಯುತ್ತಿತ್ತು. ನಾಲ್ಕನೆಯದರಲ್ಲಿ ಸರಿಯಾಯಿತು. ಒಪ್ಪಿಗೆ ಬಂದಿದೆ, ಇದರ ಜೊತೆ ಇದೆ. ಕಾವಲುಗಾರನಿಗೆ ತೋರಿಸು.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡ. ಹೋಗಿಲ್ಲ. ಜೂನ್ ಎಂಟರ ಭಾನುವಾರ ನೀನು ಬಾಗಿಲಲ್ಲಿ ನಿಂತು ಜನರನ್ನು ಒಳಗೆ ಕರೆಯುವಾಗ ನನ್ನ ಹೊಟ್ಟೆಯೊಳಗೆ ಏನಾಗುತ್ತದೆಂದು ಈಗಲೇ ಗೊತ್ತು. ‘ಮೇಡಂ ಬಂದ್ರಾ!’ ಎಂದು ಟೈಲರಮ್ಮ ಕೂಗಿದರೆ ನಿನಗೆ ಏನಾಗುತ್ತದೆಂದೂ ಗೊತ್ತು. ಇಬ್ಬರೂ ಅದನ್ನು ಇಟ್ಟುಕೊಂಡೇ ಎಲೆ ಮಗುಚಿ ಹುಳ ನೋಡಬೇಕು. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ನಿನಗೆ ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಅದೂ ಸರಿ. ನಾನು ಆ ಭಾನುವಾರ ಮನೆಯಲ್ಲೇ ಇರುತ್ತೇನೆ.

ಏಳನೇ ತಾರೀಖು ಬೆಳಿಗ್ಗೆ ಎಂಟಕ್ಕೆ ನನ್ನ ಬಸ್ಸು ಬರುತ್ತದೆ. ಎರಡು ಪೆಟ್ಟಿಗೆ ಇವೆ, ಒಂದು ಭಾರ. ನಿಮ್ಮಣ್ಣ ವ್ಯಾನ್ ತರುತ್ತೇನೆ ಎಂದಿದ್ದಾರೆ. ಬೇಡ ಎಂದು ಹೇಳಿದ್ದೇನೆ.

ನೀನು ಬಾ.

ಅತ್ತಿಗೆ